ತಪ್ಪಿದ್ದಕ್ಕೂ ಒಂದು ಪಾಯಿಂಟು

ಊರಿಂದ ಮೆಲ್ಬರ್ನ್‌ಗೆ ಯಾರೇ ಬರಲಿ, ಎಂಸಿಜಿ ತೋರಿಸದೆ ಕಳಿಸುವ ಹಾಗಿಲ್ಲ. ಕ್ರಿಕೆಟ್ ಮೈದಾನ ಅಂತ ಆಸೆಯಿಂದ ಬರುತ್ತಾರೆ. ಚಳಿಗಾಲದಲ್ಲಿ ಬಂದರೋ, ಅಲ್ಲಿ ಪಿಚ್ಚೂ ಇಲ್ಲ, ಸ್ಟಂಪೂ ಇಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ನಡುವೆ ಮೊಟ್ಟೆಯಾಕಾರದ ಚೆಂಡಿನ ಹಿಂದೆ ಓಡುವ ಮೂವತ್ತಾರು ಜನ. ಇಲ್ಲಿಯವರದೇ ಆಟ, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್.

ನಮ್ಮ ಮಾವ ಬಂದದ್ದು ಜುಲೈನಲ್ಲಿ. ನಿವೃತ್ತ ಗಣಿತ ಮೇಷ್ಟ್ರು.

"ನಾಲ್ಕು ಕಂಬ ಯಾಕಪ್ಪಾ?"

ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಪಾಯಿಂಟು. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ತೂರಿದರೆ ಬಿಹೈಂಡ್, 1 ಪಾಯಿಂಟು. ನೆಟ್ಟಗೆ ನಡುವೆಯೇ ಹೋದರೂ ದಾರಿಯಲ್ಲಿ ಯಾರದಾದರೂ ಕೈ ತಾಗಿದ್ದರೆ ಒಂದೇ.

"ಅಂದ್ರೆ ಗುರಿ ತಪ್ಪಿದ್ದಕ್ಕೂ ಮಾರ್ಕ್ಸು! ನಾನು ಯಾರಿಗೂ ಹೀಗೆ ಕೊಟ್ಟವನಲ್ಲ."

"ಕಾಲಿಗೆ ಬಡಿದ ಚೆಂಡಿಗೆ ಲೆಗ್ ಬೈ ಅಂತ ರನ್ ಕೊಡೋದಿಲ್ವಾ ಮಾವ?"

"ಅದಕ್ಕೆ ಓಡ್ಬೇಕಲ್ಲ!"

ಮೇಷ್ಟ್ರ ಹತ್ತಿರ ವಾದ ಸುಮ್ನೆ ದಂಡ. ಲೆಕ್ಕವನ್ನೇ ಕೊಟ್ಟೆ. "9.14 ಜಾಸ್ತಿಯೋ, 10.8 ಜಾಸ್ತಿಯೋ?"

ದಶಮಾಂಶ ಅಂದುಕೊಂಡು ನಕ್ಕರು. ಇಲ್ಲಿ ಚುಕ್ಕೆಯ ಎಡಕ್ಕಿರುವುದು ಗೋಲು, ಬಲಕ್ಕಿರುವುದು ಬಿಹೈಂಡ್ ಅಂದೆ. ಬಾಯಲ್ಲೇ ಗುಣಿಸಿದರು. ಐವತ್ತನಾಲ್ಕಕ್ಕೆ ಹದಿನಾಲ್ಕು, ಅರವತ್ತಕ್ಕೆ ಎಂಟು. ಎರಡೂ 68! 2010ರ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ ಹೀಗೇ ಸಮ ನಿಂತವು. ಒಂದು ವಾರ ಬಿಟ್ಟು ಇಡೀ ಪಂದ್ಯವನ್ನೇ ಮತ್ತೆ ಆಡಿದರು. ಕಾಲಿಂಗ್‌ವುಡ್ ಗೆದ್ದಿತು.

ಇದೇ ಎರಡು ತಂಡಗಳ 1966ರ ಫೈನಲ್ ಇನ್ನೂ ಮಜಾ. ಇಬ್ಬರದ್ದೂ ಹತ್ತು ಹತ್ತು ಗೋಲು, 73ಕ್ಕೆ ಸಮ. ಕೊನೆಗಳಿಗೆಯಲ್ಲಿ ಸೇಂಟ್ ಕಿಲ್ಡಾದ ಬ್ಯಾರಿ ಬ್ರೀನ್ ಒದ್ದದ್ದು ಗೋಲಾಗಲಿಲ್ಲ, ಬಿಹೈಂಡಾಯಿತು. ಅಷ್ಟೇ ಸಾಕಾಯಿತು. ಆ ಕ್ಲಬ್ಬಿನ ಕಪಾಟಿನಲ್ಲಿರುವ ಒಂದೇ ಒಂದು ಪ್ರೀಮಿಯರ್‌ಶಿಪ್ ಕಪ್ಪು ಆ ಗುರಿ ತಪ್ಪಿದ ಒದೆತದ್ದು. 1897ಕ್ಕಿಂತ ಮುಂಚೆ ಬಿಹೈಂಡಿಗೆ ಬೆಲೆಯೇ ಇರಲಿಲ್ಲ. ಬರೆದಿಡುತ್ತಿದ್ದರು, ಕೂಡಿಸುತ್ತಿರಲಿಲ್ಲ.

ಮಾವ ಏನೂ ಹೇಳಲಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಗಿಡ್ಡ ಕಂಬದ ಒಳಗಿಂದ ಹೋಯಿತು. ಗೋಲ್ ಅಂಪೈರ್ ಒಂದು ಬೆರಳು ತೋರಿಸಿ ಒಂದೇ ಬಾವುಟ ಬೀಸಿದ. ತಿರುಗಿ ನೋಡಿದರೆ ಇವರು ಚಿಪ್ಸ್ ಕಾಗದದ ಮೇಲೆ ಪೆನ್ನಿನಲ್ಲಿ ಏನೋ ಗೀಚುತ್ತಿದ್ದಾರೆ.

"ಮೊತ್ತ ಅಲ್ಲೇ ಬೋರ್ಡಿನಲ್ಲಿ ಹಾಕಿದ್ದಾರೆ ನೋಡಿ ಮಾವ."

"ಗೊತ್ತಪ್ಪಾ. ತಾಳೆ ನೋಡ್ತಾ ಇದ್ದೀನಿ."