ಬೋರ್ಡಿಗೆ ಮಾತ್ರ ಏನೂ ಆಗಬಾರದು

ಕಟ್ಟಡ ಏಳುತ್ತಿರುವ ಜಾಗದ ಗೇಟಿನ ಹತ್ತಿರ ಒಂದು ಬೋರ್ಡು ಇರುತ್ತದೆ. ನೀವೂ ನೋಡಿರುತ್ತೀರಿ. ಹಸಿರು ಬಣ್ಣ, ಮೇಲೆ ದಪ್ಪ ಅಕ್ಷರದಲ್ಲಿ 'ಸೇಫ್ಟಿ ಫಸ್ಟ್', ಕೆಳಗೆ 'ಅಪಘಾತವಿಲ್ಲದೆ ಕಳೆದ ದಿನಗಳು', ಅದರ ಮುಂದೆ ಒಂದು ಸಂಖ್ಯೆ. ಆ ಸಂಖ್ಯೆಯ ತಗಡುಗಳನ್ನು ದಿನಾ ಬೆಳಿಗ್ಗೆ ಬದಲಿಸುವ ಕೆಲಸ ಒಂದು ಕಾಲದಲ್ಲಿ ನನ್ನದಾಗಿತ್ತು. ಎಂಜಿನಿಯರಿಂಗ್ ಮುಗಿಸಿ ಬಂದವನಿಗೆ ಸಿಕ್ಕ ಮೊದಲ ಜವಾಬ್ದಾರಿ ಅದು. 411 ತೆಗೆದು 412 ಹಾಕೋಕೆ ನಾಲ್ಕು ವರ್ಷ ಓದಿದ್ದೆ.

ಇಡೀ ಸೈಟಿನಲ್ಲಿ ಎಲ್ಲರೂ ಸೇರಿ ಜೋಪಾನ ಮಾಡುತ್ತಿದ್ದದ್ದು ಆ ಸಂಖ್ಯೆಯನ್ನು. ಬಿಸಿಲು ಮಳೆ ತಾಗದ ಹಾಗೆ ಅದರ ಮೇಲೆ ತಗಡಿನ ಸೂರು ಇತ್ತು. ರಾತ್ರಿ ಲೈಟು ಉರಿಯುತ್ತಿತ್ತು. ಗಾಳಿಗೆ ಅಲ್ಲಾಡಬಾರದು ಅಂತ ಕಂಬಕ್ಕೆ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದರು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಆರು ಮಹಡಿ ಎತ್ತರದ ಸಾರ್ವೆ ನಿಂತಿತ್ತು. ಅದರ ಕಾಲಿನ ಕೆಳಗೆ ಒಡೆದ ಇಟ್ಟಿಗೆ ಇಟ್ಟಿದ್ದರು.

ಅಪಘಾತ ಅಂದರೆ ಏನು ಅನ್ನೋದು ನಿಮಗೆ ಗೊತ್ತು ಅಂದುಕೊಂಡಿದ್ದೀರಿ, ಅಲ್ವಾ? ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಈ ಕಸುಬಿನಲ್ಲಿ 'ಲಾಸ್ಟ್ ಟೈಮ್ ಇಂಜುರಿ', ಅಂದರೆ ಕೆಲಸದ ಹೊತ್ತು ಕಳೆಯುವ ಪೆಟ್ಟು, ಅಂತ ಒಂದು ಮಾತಿದೆ. ಪೆಟ್ಟಾದವನು ಮಾರನೇ ದಿನ ಕೆಲಸಕ್ಕೆ ಬರಲಾಗದಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಆಗ ಬೋರ್ಡು ಸೊನ್ನೆಗೆ ಇಳಿಯಬೇಕು. ಬಂದರೆ ಇಳಿಯಬೇಕಾಗಿಲ್ಲ. ಬರೋದು ಅಂದರೆ ನಡೆದುಕೊಂಡೇ ಬರಬೇಕು ಅಂತ ಎಲ್ಲೂ ಬರೆದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ದಾರಿಯೂ ಇತ್ತು. ಬಿದ್ದವನು ಯಾರವನು ಅಂತ ಮೊದಲು ಕೇಳಬೇಕು. ಅವನು ಕಂಪನಿಯವನಲ್ಲ, ಕಂಟ್ರಾಕ್ಟರ್ ಕಡೆಯವನು. ಕಂಟ್ರಾಕ್ಟರನ್ನ ಕೇಳಿದರೆ, ಸಬ್ ಕಂಟ್ರಾಕ್ಟರ್ ಕಡೆಯವನು. ಅವನನ್ನ ಕೇಳಿದರೆ, ಮೇಸ್ತ್ರಿ ಕರಕೊಂಡು ಬಂದವನು. ಮೇಸ್ತ್ರಿ ಫೋನ್ ಸ್ವಿಚ್ ಆಫ್. ಹೀಗೆ ಕೇಳುತ್ತಾ ಹೋದರೆ, ಬಿದ್ದವನು ಯಾರಿಗೂ ಸೇರದೆ ಸುಮ್ನೆ ಆ ಕಡೆ ಹೋಗುತ್ತಿದ್ದವನು, ಮೂರನೇ ಮಹಡಿಯಲ್ಲಿ, ಕೈಯಲ್ಲಿ ಬಾಂಡಲಿ ಹಿಡಿದುಕೊಂಡು.

ಹೆಲ್ಮೆಟ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಹೆಲ್ಮೆಟ್ಟಿನ ಬಣ್ಣ ನೋಡಿ ಯಾರಿಗೆ ನಮಸ್ಕಾರ ಹಾಕಬೇಕು, ಯಾರನ್ನು ಬೈಯಬಹುದು ಅಂತ ಗೊತ್ತಾಗುತ್ತಿತ್ತು. ಬಿಳಿ ಅಂದರೆ ದೊಡ್ಡವರು. ಅದರ ಮೇಲೆ ಒಂದು ಗೀರೂ ಇರುತ್ತಿರಲಿಲ್ಲ. ಏನಾದರೂ ಬೀಳುವ ಜಾಗಕ್ಕೆ ಹೋದರೆ ತಾನೇ? ಅತಿಥಿಗಳು ಬಂದ ದಿನ ಹೊಸ ಹೆಲ್ಮೆಟ್, ಹೊಸ ಜಾಕೆಟ್ ಕೊಟ್ಟು ಎಸಿ ರೂಮಿನಲ್ಲಿ ನಕ್ಷೆ ತೋರಿಸಿ ಕಳಿಸುತ್ತಿದ್ದೆವು. ಮೇಲಿಂದ ಬಿದ್ದರೆ ಟ್ಯೂಬ್‌ಲೈಟ್ ಬೀಳಬೇಕು, ಅಷ್ಟೇ. ಇಟ್ಟಿಗೆ ಬೀಳುವ ಕಡೆ ಕೆಲಸ ಮಾಡುವವರ ಹೆಲ್ಮೆಟ್‌ಗಳು ಸ್ಟೋರಿನಲ್ಲಿ ಬೀಗದೊಳಗಿದ್ದವು. ಹೊರಗೆ ಕೊಟ್ಟರೆ ಕಳೆದುಹೋಗುತ್ತವಂತೆ. ನಿಜ ಹೇಳಬೇಕು ಅಂದರೆ ಒಂದೂ ಕಳೆದುಹೋಗಲಿಲ್ಲ. ಒಳಗೆ ಅಚ್ಚಾಗಿದ್ದ ದಿನಾಂಕ ಹಳೆಯದಾಗಿ, ಪ್ಲಾಸ್ಟಿಕ್ ಗಟ್ಟಿತನ ಕಳೆದುಕೊಂಡು, ಎಲ್ಲವೂ ಅಲ್ಲೇ ಸುರಕ್ಷಿತವಾಗಿ ಮುದಿಯಾದವು.

"ಕೊಟ್ಟರೂ ಅವರು ಹಾಕ್ಕೊಳ್ಳಲ್ಲ ಬಿಡಿ" ಅನ್ನೋದು ಸೂಪರ್‌ವೈಸರುಗಳ ನಿತ್ಯಪಾಠ. ಅಮೆರಿಕದಲ್ಲಿ 1930ರ ದಶಕದಲ್ಲಿ ಹೂವರ್ ಅಣೆಕಟ್ಟು ಕಟ್ಟುವಾಗ ಕೆಲಸಗಾರರೇ ತಮ್ಮ ಬಟ್ಟೆಯ ಟೋಪಿಗಳನ್ನು ಡಾಂಬರಿನಲ್ಲಿ ಅದ್ದಿ, ಒಣಗಿಸಿ, ಗಟ್ಟಿ ಮಾಡಿಕೊಂಡು ತಲೆಗೆ ಹಾಕಿಕೊಂಡರು. ಬಂಡೆ ಉರುಳುವ ಕಣಿವೆ ಅದು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಕೆಲಸಕ್ಕೆ ಬರುತ್ತೆ ಅಂತ ಗೊತ್ತಾದ ಮೇಲೆ ಕಂಪನಿ ಗಟ್ಟಿ ಟೋಪಿಗಳನ್ನು ತರಿಸಿತು. ತನ್ನ ತಲೆಯ ಮೇಲೆ ಯಾರಿಗೂ ದ್ವೇಷ ಇರಲ್ಲ ಸ್ವಾಮಿ. ಬಿಸಿಲಲ್ಲಿ ತಲೆ ಬೇಯಿಸುವ, ಪಟ್ಟಿ ಹರಿದ, ಬಗ್ಗಿದರೆ ಕಳಚಿ ಬೀಳುವ ಟೋಪಿ ಕೊಟ್ಟರೆ ಮಾತ್ರ ಹಾಕಿಕೊಳ್ಳಲ್ಲ.

ಅದಿರಲಿ. ಸುರಕ್ಷತೆಯ ಪಾಠದಲ್ಲಿ ಐದು ಮೆಟ್ಟಿಲು ಹೇಳಿಕೊಡುತ್ತಾರೆ. ಮೊದಲು ಅಪಾಯವನ್ನೇ ಇಲ್ಲವಾಗಿಸು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತಾ. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ರೇಲಿಂಗೋ ಮುಚ್ಚಳವೋ ಹಾಕು. ನಾಲ್ಕನೆಯದು ನಿಯಮ, ತರಬೇತಿ, ಬೋರ್ಡು. ಎಲ್ಲಕ್ಕಿಂತ ಕೊನೆಗೆ, ಬೇರೆ ದಾರಿಯೇ ಇಲ್ಲದಾಗ, ಹೆಲ್ಮೆಟ್ ಮತ್ತು ಬೆಲ್ಟು. ನಮ್ಮ ಸೈಟಿನಲ್ಲಿ ಲಿಫ್ಟಿಗೆ ಬಿಟ್ಟ ಕಿಂಡಿ ಪ್ರತಿ ಮಹಡಿಯಲ್ಲೂ ಬಾಯಿ ತೆರೆದುಕೊಂಡಿತ್ತು. ಅದಕ್ಕೆ ಒಂದು ಅಡ್ಡಪಟ್ಟಿ ಇರಲಿಲ್ಲ. ಪಕ್ಕದ ಗೋಡೆಯಲ್ಲಿ 'ಎಚ್ಚರಿಕೆಯಿಂದ ನಡೆಯಿರಿ' ಅಂತ ಒಂದು ಪೋಸ್ಟರ್ ಇತ್ತು. ಅದನ್ನು ಸರಿಯಾಗಿ ಓದಬೇಕೆಂದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕಾಗಿತ್ತು. ಕಿಂಡಿ ಇದ್ದದ್ದು ಅಲ್ಲೇ.

ಗೇಟಿನಲ್ಲಿ ಮತ್ತೊಂದು ಬೋರ್ಡು: 'ವಾಹನಗಳ ವೇಗ ಗಂಟೆಗೆ 10 ಕಿ.ಮೀ. ಮೀರಬಾರದು.' ಒಳ್ಳೆಯದೇ. 10 ಮೀಟರ್ ಮೇಲಿಂದ ಬಿದ್ದವನು ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 50 ಕಿ.ಮೀ. ಅವನಿಗೆ ದಂಡ ಹಾಕುವುದು ಇನ್ನೂ ಯಾರಿಗೂ ಹೊಳೆದಿಲ್ಲ.

ಪಾಯದ ಗುಂಡಿಗೆ ಕೆಂಪು-ಬಿಳಿ ಟೇಪು ಸುತ್ತಿದ್ದೆವು. ಅಗೆದ ಮಣ್ಣನ್ನು ಅದೇ ಗುಂಡಿಯ ಅಂಚಿನಲ್ಲಿ ಗುಡ್ಡೆ ಹಾಕಿದ್ದೆವು. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಒಂದು ಕಾರು ಎದೆ ಮೇಲೆ ನಿಂತ ಹಾಗೆ. ಗುಂಡಿಯ ಗೋಡೆಗೆ ಆಸರೆ ಕೊಡೋದು ಯಾವಾಗ ಅಂತ ಕೇಳಿದ್ದಕ್ಕೆ "ಟೇಪ್ ಕಟ್ಟಿದೀವಲ್ಲಪ್ಪ" ಅಂದರು.

ಈಗ ಬಲೆಯ ಕತೆ. ಅಮೆರಿಕದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ, 1933ರಿಂದ 1937ರ ನಡುವೆ, ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೆಲಸದ ಜಾಗದ ಕೆಳಗೆ ದೊಡ್ಡ ಬಲೆ ಕಟ್ಟಿಸಿದರು. 19 ಜನ ಅದರೊಳಗೆ ಬಿದ್ದು ಬದುಕಿದರು. ನರಕದ ಅರ್ಧ ದಾರಿಗೆ ಹೋಗಿ ವಾಪಸ್ ಬಂದವರ ಕ್ಲಬ್ ಅಂತ ತಮಗೆ ತಾವೇ ಹೆಸರಿಟ್ಟುಕೊಂಡರು. ಬಲೆ ಪವಾಡವೇನೂ ಅಲ್ಲ. 1937ರ ಫೆಬ್ರವರಿಯಲ್ಲಿ ಸಾರ್ವೆಯೊಂದು ಕಳಚಿ ಬಲೆಯನ್ನೇ ಹರಿದುಕೊಂಡು ಬಿತ್ತು, 10 ಜನ ಸತ್ತರು. ಆದರೂ ಮನುಷ್ಯ ಅಂದಮೇಲೆ ಜಾರುತ್ತಾನೆ ಅಂತ ಒಪ್ಪಿಕೊಂಡು ಕಟ್ಟಿದ ಬಲೆ ಅದು. ನಾನು ಈ ಕತೆಯನ್ನು ಮೀಟಿಂಗಿನಲ್ಲಿ ಹೇಳಿದೆ. ಹೊಸಬನ ಹುಮ್ಮಸ್ಸು ನೋಡಿ. "ಬಲೆ ಕಟ್ಟಿದರೆ ನಮ್ಮಲ್ಲಿ ಜನ ಬೀಳ್ತಾರೆ ಅಂತ ನಾವೇ ಸಾರಿದ ಹಾಗಾಗಲ್ವಾ?" ಅಂದರು. ಬಲೆ ಬರಲಿಲ್ಲ. ಬದಲಿಗೆ ಕಟ್ಟಡದ ಮುಖಕ್ಕೆ ನಾಲ್ಕು ಮಹಡಿ ಉದ್ದದ ಬ್ಯಾನರ್ ಬಂತು: 'ನಿಮ್ಮ ಕುಟುಂಬ ನಿಮಗಾಗಿ ಕಾಯುತ್ತಿದೆ'. ಒಳ್ಳೆ ದಪ್ಪ ಬಟ್ಟೆ. ಅಡ್ಡ ಹಿಡಿದಿದ್ದರೆ ಒಬ್ಬಿಬ್ಬರನ್ನಾದರೂ ತಡೆಯುತ್ತಿತ್ತೇನೋ.

413ನೇ ದಿನ ಆಗಬೇಕಿದ್ದ ದಿನದ ಹಿಂದಿನ ಸಂಜೆ ಕಂಬಿ ಕೆಲಸದ ಹುಡುಗ ಬಿದ್ದ. ಹೆಚ್ಚು ಎತ್ತರವಲ್ಲ, ಮೂರು ಮೀಟರ್. ಬೆಲ್ಟ್ ಹಾಕಿದ್ದ. ಕೊಕ್ಕೆಯನ್ನೂ ಸಿಕ್ಕಿಸಿದ್ದ, ಸಿಕ್ಕಿಸೋಕೆ ಬೇರೆ ಏನೂ ಇಲ್ಲದೆ ಕಾಲ ಬುಡದ ಪೈಪಿಗೆ. ಬೆಲ್ಟಿನ ಹಗ್ಗ 1.8 ಮೀಟರ್ ಇರುತ್ತದೆ. ಅದು ಬಿಗಿಯಾದ ಮೇಲೆ ಜಗ್ಗು ತಡೆಯುವ ಹೊಲಿಗೆ ಬಿಚ್ಚಿಕೊಂಡು ಇನ್ನೊಂದು ಮೀಟರ್ ಉದ್ದವಾಗುತ್ತದೆ. ಅದರ ಕೆಳಗೆ ಮನುಷ್ಯನ ಮೈ ಬೇರೆ. ಒಟ್ಟು ಕೊಕ್ಕೆಯಿಂದ ಕೆಳಗೆ ಸುಮಾರು ಐದೂವರೆ ಮೀಟರ್ ಖಾಲಿ ಇದ್ದರೆ ಮಾತ್ರ ಬೆಲ್ಟು ಹಿಡಿದುಕೊಳ್ಳುತ್ತದೆ. ಅವನಿಗೆ ಹಗ್ಗ ಬಿಗಿಯಾಗುವ ಮೊದಲೇ ನೆಲ ಸಿಕ್ಕಿತು. ಹಿಮ್ಮಡಿಯ ಮೂಳೆ ಮುರಿಯಿತು.

ಆಸ್ಪತ್ರೆಗೆ ಮರಳಿನ ಟ್ರಾಕ್ಟರಿನಲ್ಲಿ ಕಳಿಸಿದರು. ಆ ಹೊತ್ತಿಗೆ ಬೇರೆ ಗಾಡಿ ಇರಲಿಲ್ಲ.

ವರದಿಯನ್ನು ನಾನೇ ಟೈಪ್ ಮಾಡಿದೆ. ಹೇಳಿ ಬರೆಸಿದ್ದು ಸೂಪರ್‌ವೈಸರ್. 'ಬೆಲ್ಟ್ ನೀಡಲಾಗಿತ್ತೇ? ಹೌದು. ಕಾರಣ: ಕೆಲಸಗಾರನ ಅಜಾಗರೂಕತೆ. ಪರಿಹಾರ: ಮರು ತರಬೇತಿ.' 1931ರಲ್ಲೇ ಹೈನ್ರಿಕ್ ಅನ್ನುವ ವಿಮೆಯವರೊಬ್ಬರು ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ತಪ್ಪು ನಡೆಯೇ ಕಾರಣ ಅಂತ ಬರೆದಿದ್ದರು. ನಮ್ಮ ಸೇಫ್ಟಿ ಆಫೀಸರಿಗೆ ಆ 88 ಬಾಯಿಪಾಠ. ಆಮೇಲೆ ಬಂದವರು ಆ ಲೆಕ್ಕವನ್ನು ಸಾಕಷ್ಟು ಪ್ರಶ್ನಿಸಿದ್ದಾರೆ. ವರದಿ ಬರೆಯುವವರು ಯಾರು ಅಂತ ನೋಡಿದ ಮೇಲೆ ನನಗೆ ಆ ಸಂಖ್ಯೆ 88ಕ್ಕೇ ಯಾಕೆ ನಿಂತಿತು ಅಂತ ಆಶ್ಚರ್ಯವಾಯಿತು. ಅದೇ ಹೈನ್ರಿಕ್ ಇನ್ನೊಂದು ಮಾತನ್ನೂ ಹೇಳಿದ್ದರು: ಒಂದು ದೊಡ್ಡ ಪೆಟ್ಟಿನ ಹಿಂದೆ 29 ಸಣ್ಣ ಪೆಟ್ಟು, 300 ಪೆಟ್ಟಾಗದೆ ತಪ್ಪಿದ ಘಟನೆ ಇರುತ್ತವೆ ಅಂತ. ಹಾಗೆ ತಪ್ಪಿದ ಘಟನೆಗಳನ್ನು ಬರೆದಿಡೋಕೆ ನಮ್ಮಲ್ಲಿ ಒಂದು ರಿಜಿಸ್ಟರ್ ಇತ್ತು. ಖಾಲಿ ಇತ್ತು. ಆಡಿಟ್‌ಗೆ ಬಂದವರು ಖಾಲಿ ಹಾಳೆ ನೋಡಿ ಮೆಚ್ಚಿ ಸಹಿ ಹಾಕಿ ಹೋಗಿದ್ದರು.

ಮಾರನೇ ದಿನ ಬೆಳಿಗ್ಗೆ ಮ್ಯಾನೇಜರ್ ಕಾರೇ ಆ ಹುಡುಗನ ಶೆಡ್ ಮುಂದೆ ಹೋಗಿ ನಿಂತಿತು. ಬಾಗಿಲು ತೆರೆದು ಕೂರಿಸಿಕೊಂಡು ಬಂದರು. ಅವನು ಹುಟ್ಟಿದ ಮೇಲೆ ಅಷ್ಟು ಮರ್ಯಾದೆ ನೋಡಿರಲಿಲ್ಲವಂತೆ. ಹಾಜರಿ ಹಾಕಿದರು. ಮೊಣಕಾಲಿನವರೆಗೂ ಪ್ಲಾಸ್ಟರ್ ಇದ್ದವನಿಗೆ ಏನು ಕೆಲಸ ಕೊಡೋದು? ಫೈಲಿನಲ್ಲಿ 'ಹಗುರ ಕೆಲಸ' ಅಂತ ಬರೆದಾಗಿತ್ತು, ಏನಾದರೂ ಕೊಡಲೇಬೇಕು. ಯೋಚನೆ ಮಾಡಿ ನನ್ನ ಕೆಲಸವನ್ನು ಅವನಿಗೆ ವಹಿಸಿದರು.

"ಎಷ್ಟು ಹಾಕಲಿ ಸಾರ್?" ಅಂತ ಕೇಳಿದ.

"413" ಅಂದೆ. ಬೇರೆ ಏನು ಹೇಳಬೇಕಿತ್ತೋ ಆಗ ಹೊಳೆಯಲಿಲ್ಲ.

ತಗಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕುಂಟುತ್ತಾ ಹೋದ. ಬೋರ್ಡು ಎತ್ತರದಲ್ಲಿತ್ತು, ಪಕ್ಕದಲ್ಲಿ ಮೂರು ಕಾಲಿನ ಸ್ಟೂಲು ಇತ್ತು. ಮೊದಲು ನಾಲ್ಕು ಕಾಲಿನದು. ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು ಅದರ ಮೇಲೆ ಹತ್ತಿದ. ಸ್ಟೂಲನ್ನು ಹಿಡಿದುಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ. ಮರು ತರಬೇತಿ ಅಂತ ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿದ್ದರು.