ಸತ್ತರೆ ದುಡ್ಡು, ಕುಂಟಿದರೆ ಇಲ್ಲ

ನಮ್ಮ ಸೋದರಮಾವ ಬೀದರ್‌ನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಾರೆ. ಲಾಯದಲ್ಲಿರುವುದು ಎರಡೇ. ಒಂದಕ್ಕೆ ವಯಸ್ಸಾಗಿದೆ. ಇನ್ನೊಂದು ಬಿಳಿ ಹೆಣ್ಣುಗುದುರೆ. ಮನೆ ನಡೆಯುವುದು ಅದರ ಮೇಲೆ. ನಾಂದೇಡ್ ಕಡೆಯ ಮಾಳೆಗಾಂವ್ ಜಾತ್ರೆಯಲ್ಲಿ 1,20,000 ರೂಪಾಯಿ ಎಣಿಸಿ ತಂದದ್ದು. ಈ ಸಲ ಲಗ್ನಗಳ ಭರಾಟೆಯ ನಡುವೆಯೇ ಅದು ಬಲ ಮುಂಗಾಲು ಎಳೆಯತೊಡಗಿತು.

ಮೊದಲು ನಾಲಬಂದನನ್ನು ಕರೆಸಿ ಲಾಳ ಬಿಚ್ಚಿಸಿದರು. ಮೊಳೆ ತಪ್ಪಿ ನಾಟಿರಲಿಲ್ಲ, ಕೀವೂ ಇರಲಿಲ್ಲ. ಆದರೂ ಕುದುರೆ ನಿಂತಲ್ಲೇ ಆ ಕಾಲನ್ನು ಒಂದು ಗೇಣು ಮುಂದಿಟ್ಟು, ಭಾರವನ್ನೆಲ್ಲ ಎಡಗಾಲಿಗೆ ಕೊಟ್ಟು ನಿಲ್ಲುತ್ತಿತ್ತು. ಪಶುವೈದ್ಯರು ಬಂದು ಗೊರಸಿನ ಹಿಂಭಾಗದ ಮೇಲೆ, ಎರಡೂ ಬದಿಗೆ, ಮರಗಟ್ಟಿಸುವ ಸೂಜಿ ಕೊಟ್ಟರು. ಹತ್ತು ನಿಮಿಷ ಕಾದು, ‘ಈಗ ಓಡಿಸಿ’ ಎಂದರು. ಗಲ್ಲಿಯ ಫರಸಿಯ ಮೇಲೆ ನಾಲ್ಕು ಹೆಜ್ಜೆಯ ಸದ್ದೂ ಒಂದೇ ಸಮ ಬಿದ್ದಿತು. ಮಾಮಾನ ಕಣ್ಣಲ್ಲಿ ನೀರು. ‘ಗುಣವಾಯಿತಲ್ಲ ಸಾಹೇಬರೆ!’ ಎಂದರು. ‘ಗುಣವಾಗಿಲ್ಲ ಕಾಕಾ, ಅದಕ್ಕೆ ನೋವು ಗೊತ್ತಾಗುತ್ತಿಲ್ಲ, ಅಷ್ಟೇ. ನೋವು ಇರುವುದು ಗೊರಸಿನ ಹಿಂಭಾಗದಲ್ಲಿ ಎಂದು ನಮಗೆ ಗೊತ್ತಾಯಿತು.’ ಗಂಟೆ ಎರಡು ಕಳೆಯುವುದರೊಳಗೆ ಕಾಲು ಮತ್ತೆ ಮುಂದಕ್ಕೆ ಬಂದಿತ್ತು.

ಎಕ್ಸ್‌ರೇ ತೆಗೆಸಿದೆವು. ಮೂಳೆ ಸರಿಯಾಗಿತ್ತು. ಗೊರಸಿನೊಳಗೆ ಮೂಳೆಯೊಂದೇ ಇರುವುದಿಲ್ಲವಲ್ಲ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿವೆ, ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜುಗಳಿವೆ. ಎಕ್ಸ್‌ರೇಗೆ ಅವು ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಲೆಗಳಿಗೆ ಗೊರಸಿನ ಗಟ್ಟಿ ಚಿಪ್ಪು ಅಡ್ಡಬರುತ್ತದೆ. ಅಲ್ಲಿಗೆ ಉಳಿದ ಮುಖ್ಯ ದಾರಿ, ಕಾಂತದ ಬಲದಿಂದ ಒಳಗಿನದನ್ನೆಲ್ಲ ತೋರಿಸುವ ಎಂಆರ್‌ಐ ಸ್ಕ್ಯಾನ್. ಕುದುರೆಯನ್ನು ನಿಲ್ಲಿಸಿಕೊಂಡೇ, ಮಂಪರಿನ ಮದ್ದು ಕೊಟ್ಟು ಕಾಲನ್ನಷ್ಟೇ ಸ್ಕ್ಯಾನ್ ಮಾಡುವ ಯಂತ್ರಗಳು ಹೊರದೇಶಗಳಲ್ಲಿ ಬಳಕೆಗೆ ಬಂದು ವರ್ಷಗಳೇ ಆಗಿವೆ. ನಮಗೆ ಅದೆಲ್ಲ ಎಲ್ಲಿ? ಲಾರಿ ಬಾಡಿಗೆ, ಸ್ಕ್ಯಾನ್ ಖರ್ಚು, ಊರು ಬಿಟ್ಟು ಕೂತ ದಿನಗಳ ದುಡಿಮೆ ಎಲ್ಲ ಕೂಡಿಸಿ ನೋಡಿ ಮಾಮಾ ಲೆಕ್ಕದ ವಹಿ ಮುಚ್ಚಿಟ್ಟರು.

ಆಗ ನಾನು ದೊಡ್ಡ ಬುದ್ಧಿವಂತನಂತೆ, ‘ವಿಮೆ ಇದೆಯಲ್ಲ ಮಾಮಾ?’ ಎಂದೆ. ವರ್ಷಾವರ್ಷ ತಪ್ಪದೆ ಕಂತು ಕಟ್ಟಿದ ಪಾಲಿಸಿ. ಟ್ರಂಕಿನಿಂದ ತೆಗೆದು ಕೂತು ಓದಿದೆ. ಅಪಘಾತದಿಂದಲೋ ರೋಗದಿಂದಲೋ ಕುದುರೆ ಸತ್ತರೆ ಹಣ ಉಂಟು. ಹೆಚ್ಚಿನ ಕಂತು ಕಟ್ಟಿದ್ದರೆ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ಉಂಟು. ಚಿಕಿತ್ಸೆಯ ಖರ್ಚಿಲ್ಲ, ತಪಾಸಣೆಯ ಖರ್ಚಂತೂ ಇಲ್ಲವೇ ಇಲ್ಲ. ಕಂಪನಿಯ ಮಟ್ಟಿಗೆ ನಮ್ಮ ಕುದುರೆ ಇನ್ನೂ ಬದುಕಿದೆ. ಮೆರವಣಿಗೆಯ ಮಟ್ಟಿಗೆ ಅದು ಸತ್ತ ಹಾಗೆ. ಕುದುರೆ ಸಾಕಿದವನಿಗೆ ಬಹಳ ಸಲ ಬರುವ ಕಷ್ಟ ಸಾವಲ್ಲ, ಕುಂಟು. ಬಹಳ ಸಲ ಬರುವುದನ್ನು ಬಿಟ್ಟು ಅಪರೂಪಕ್ಕೆ ಬರುವುದಕ್ಕೆ ಮಾತ್ರ ಕೊಡೆ ಹಿಡಿಯುವ ಪಾಲಿಸಿ ಇದು. ಪಾಲಿಸಿ ಇರುವವರು ನಿಮ್ಮದನ್ನೂ ಒಮ್ಮೆ ತೆಗೆದು ಓದಿ.

ಬ್ರಿಟನ್ನಿನಲ್ಲಿ ಪಶುವೈದ್ಯರ ಖರ್ಚಿಗೇ ಬೇರೆ ರಕ್ಷಣೆ ಸಿಗುತ್ತದೆ. ಆದರೆ ಅಲ್ಲಿಯೂ ಸುಖವಿಲ್ಲ. ಎಂಆರ್‌ಐ, ಸಿಟಿ, ಮೂಳೆ ಸ್ಕ್ಯಾನ್ ಎಂದಕೂಡಲೇ ಕೆಲವು ಪಾಲಿಸಿಗಳು ಅರ್ಧ ಮಾತ್ರ ಕೊಡುತ್ತವೆ, ಇನ್ನು ಕೆಲವು ಮೇಲ್ಮಿತಿ ಹಾಕುತ್ತವೆ. ಮೂಳೆ ಸ್ಕ್ಯಾನ್‌ಗೆ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ರಕ್ತಕ್ಕೆ ಕೊಡುತ್ತಾರೆ. ಅದರ ವಿಕಿರಣ ಇಳಿಯುವ ತನಕ ಕುದುರೆಯನ್ನು ಪ್ರತ್ಯೇಕ ಲಾಯದಲ್ಲಿ ಇರಿಸಬೇಕು. ಖರ್ಚು ಏರುವುದು ಹೀಗೆ. ಇದಕ್ಕಿಂತ ಕಹಿಯಾದ ಮಾತೊಂದಿದೆ: ಸ್ಕ್ಯಾನ್‌ನಲ್ಲಿ ದೋಷ ಕಂಡರೆ ಮುಂದಿನ ವರ್ಷದ ನವೀಕರಣದಲ್ಲಿ ಆ ಕಾಲನ್ನೇ ರಕ್ಷಣೆಯಿಂದ ಕೈಬಿಡಬಹುದು. ರೋಗ ತಿಳಿದುಕೊಂಡ ತಪ್ಪಿಗೆ ದಂಡ! ಆ ಪದ್ಧತಿಯನ್ನು ಹಾಗೆಯೇ ಎತ್ತಿ ತನ್ನಿ ಎಂದು ನಾನು ಹೇಳಲಾರೆ.

ಆದರೆ ವಿಮಾ ಮೊತ್ತದ ಶೇ 10ರಷ್ಟನ್ನಾದರೂ ತಪಾಸಣೆಗೆಂದು ಮೀಸಲಿಡಲು ನಮ್ಮ ವಿಮಾ ಕಂಪನಿಗಳಿಗೆ ಏನು ಕಷ್ಟ? ವೈದ್ಯರ ಭೇಟಿ, ಮರಗಟ್ಟಿಸುವ ಪರೀಕ್ಷೆ, ಎಕ್ಸ್‌ರೇ ಇಷ್ಟು ಅದರಲ್ಲಿ ಮುಗಿಯುತ್ತದೆ. ಸ್ಕ್ಯಾನ್ ಬೇಕೆಂದು ವೈದ್ಯರು ಬರೆದುಕೊಟ್ಟರೆ ಅರ್ಧ ಕೊಡಲಿ, ಅರ್ಧ ನಾವು ಹಾಕುತ್ತೇವೆ. ಒಂದು ಕುದುರೆಯ ಬಿಲ್ಲು ಇನ್ನೊಂದರ ಹೆಸರಲ್ಲಿ ಬರುತ್ತದೆ ಎಂಬ ಅನುಮಾನವಿದ್ದರೆ ಗುರುತಿಗೆ ಮೈಕ್ರೊಚಿಪ್ ಹಾಕಿ; ಬೇಡ ಎಂದವರಾರು? ಕುದುರೆಗಳು ಕಡಿಮೆ, ಕಂತು ಗಿಟ್ಟುವುದಿಲ್ಲ ಎಂಬುದು ಮಾತ್ರ ಒಪ್ಪತಕ್ಕ ವಾದ. ಅದಕ್ಕೇ ಸರ್ಕಾರ ನಡುವೆ ಬರಬೇಕು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಜಾನುವಾರು ಮಿಷನ್ ಎಂಬ ಯೋಜನೆಯನ್ನು ತಿದ್ದಿ, ಜಾನುವಾರು ವಿಮೆಯ ಕಂತಿನಲ್ಲಿ ಸಾಕುವವರ ಪಾಲನ್ನು ಶೇ 15ಕ್ಕೆ ಇಳಿಸಿತು. ಕುದುರೆ, ಕತ್ತೆ, ಒಂಟೆ ಸಾಕಣೆಯ ಉದ್ಯಮಕ್ಕೆ ಶೇ 50ರಂತೆ, 50 ಲಕ್ಷ ರೂಪಾಯಿವರೆಗೆ ಸಹಾಯಧನವನ್ನೂ ಒಪ್ಪಿತು. ಕುದುರೆ ಕೊಳ್ಳಲು ಇಷ್ಟು ಕೈಬಿಚ್ಚುವವರು ಅದರ ಕಾಲು ನೋಡಿಸಲೂ ಸ್ವಲ್ಪ ಬಿಚ್ಚಲಿ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವ ಊರು ನಮ್ಮದು, ಬಲ್ಲವರಿಗೆ ಇಲ್ಲಿ ಬರವಿಲ್ಲ. ಬಿಲ್ಲು ತೆರುವವರಿಗೆ ಬರ.

ಕುದುರೆಯ ಖರ್ಚು ಈ ಸೀಮೆಗೆ ಹೊಸದೇನೂ ಅಲ್ಲ. 15ನೇ ಶತಮಾನದಲ್ಲಿ ಬಹಮನಿಗಳ ಬೀದರ್‌ಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಆಳಂದದ ಸಂತೆಗೆ 20,000 ಕುದುರೆ ಬರುತ್ತವೆ ಎಂದು ಬರೆದಿದ್ದಾನೆ. ತಾನು ತಂದ ಒಂದೇ ಒಂದು ಗಂಡುಕುದುರೆಯನ್ನು ಮಾರುವ ತನಕ ಒಂದು ವರ್ಷ ಮೇಯಿಸಿದ ಖರ್ಚನ್ನೂ ಬಿಡದೆ ನಮೂದಿಸಿದ್ದಾನೆ. ಇದನ್ನು ಹೇಳಿದಾಗ ಮಾಮಾ, ‘ಅವನದು ಕುಂಟುತ್ತಿರಲಿಲ್ಲವಲ್ಲ’ ಎಂದರು.

ಕುದುರೆ ಈಗ ತೊಗರಿ ಹೊಟ್ಟು, ಜೋಳದ ಕಣಿಕೆ ತಿನ್ನುತ್ತ ಲಾಯದಲ್ಲಿಯೇ ಇದೆ. ಹಿಮ್ಮಡಿ ಎತ್ತರಿಸಿದ ಲಾಳ ಹಾಕಿಸಿದ್ದೇವೆ. ಕೆಲವು ದಿನ ನೆಟ್ಟಗೆ ನಿಲ್ಲುತ್ತದೆ, ಕೆಲವು ದಿನ ಇಲ್ಲ. ಹೋದ ವಾರ ಪಾಲಿಸಿ ನವೀಕರಣದ ಅರ್ಜಿ ಬಂದಿತು. ಪ್ರಾಣಿಗೆ ಸದ್ಯ ಕಾಯಿಲೆ ಏನಾದರೂ ಇದೆಯೇ ಎಂಬ ಕಡೆ, ಮಾಮಾ ಬೇಡವೆಂದು ಸನ್ನೆ ಮಾಡುತ್ತಿದ್ದರೂ, ‘ಬಲ ಮುಂಗಾಲು ಕುಂಟು’ ಎಂದು ಬರೆದೆ. ಪಕ್ಕದಲ್ಲಿ ಕಾರಣ ಬರೆಯಲು ಒಂದು ಗೆರೆ ಬಿಟ್ಟಿದ್ದರು. ಅದನ್ನು ಖಾಲಿ ಬಿಟ್ಟು ಸಹಿ ಮಾಡಿಸಿದೆ.