ಬೆಂಕಿ ಬಿದ್ದಿರೋದು ನಿಜ, ಅರ್ಜಿ ಸರಿಯಿಲ್ಲ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಮ್ಮ ಹಿರಿಯರು ನಕ್ಕರು. ಪಾಪ, ಅವರು ಅಮೆರಿಕ ಸರ್ಕಾರದ ವಕೀಲರನ್ನು ನೋಡಿರಲಿಲ್ಲ. ಬಾವಿ ತೋಡುವವನ ಕೈಯಲ್ಲಿ ಗುದ್ದಲಿಯಾದರೂ ಇರುತ್ತದೆ. ಇವರು ಹತ್ತು ವರ್ಷ ವಾದ ಮಾಡಿದ್ದು, ‘ಬೆಂಕಿ’ ಅಂತ ಕೂಗೋ ಹಕ್ಕು ಮಕ್ಕಳಿಗೆ ಇದೆಯೋ ಇಲ್ಲವೋ ಅಂತ.

2015ರ ಆಗಸ್ಟ್‌ನಲ್ಲಿ ಆರೆಗಾನ್ ರಾಜ್ಯದ ಯೂಜೀನ್ ಊರಿನ ಫೆಡರಲ್ ಕೋರ್ಟಿಗೆ 21 ಮಂದಿ ಹುಡುಗ ಹುಡುಗಿಯರು ಹೋದರು. ದೊಡ್ಡವರಿಗೆ 19, ಎಲ್ಲರಿಗಿಂತ ಚಿಕ್ಕವನಿಗೆ 8. ಕೇಸಿನ ಹೆಸರು ಜುಲಿಯಾನಾ ವರ್ಸಸ್ ಯುನೈಟೆಡ್ ಸ್ಟೇಟ್ಸ್. ಕಲ್ಲಿದ್ದಲು, ಎಣ್ಣೆ ಸುಟ್ಟರೆ ಏನಾಗುತ್ತದೆ ಅಂತ ಗೊತ್ತಿದ್ದೂ ಕುಮ್ಮಕ್ಕು ಕೊಟ್ಟಿರಿ, ನಾವು ಬದುಕುವುದು ಹೇಗೆ ಅನ್ನೋದು ದೂರು. ಜೊತೆಗೆ ಇನ್ನೂ ಹುಟ್ಟದವರ ಪಾಲಕರಾಗಿ ನಿಂತವರು ವಿಜ್ಞಾನಿ ಜೇಮ್ಸ್ ಹ್ಯಾನ್ಸನ್. ಭೂಮಿ ಬಿಸಿಯಾಗುತ್ತಿದೆ ಅಂತ 1988ರಲ್ಲೇ ಸೆನೆಟ್‌ನಲ್ಲಿ ಹೇಳಿ ಬಂದಿದ್ದ ಮನುಷ್ಯ. ಹುಟ್ಟಿದವರು ಕೇಳಲಿಲ್ಲ, ಹುಟ್ಟದವರ ಪಕ್ಷ ವಹಿಸಿದರು.

ಸರ್ಕಾರ ಸುಳ್ಳು ಹೇಳಿತು ಅಂದುಕೊಳ್ಳಬೇಡಿ. 2017ರ ಜನವರಿಯಲ್ಲಿ, ಒಬಾಮ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿಗೆ, ಲಿಖಿತ ಉತ್ತರ ಬಂತು. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ 400 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 400 ಪಾಲು, ದಾಟಿದೆಯೇ? ಹೌದು. ಮನುಷ್ಯರೇ ಕಾರಣವೇ? ಬಹುಮಟ್ಟಿಗೆ ಹೌದು. ಅಪಾಯವೇ? ಹೌದು. ಹಾಗಾದರೆ ವಿಚಾರಣೆ ಶುರು ಮಾಡೋಣವೇ? ಅಯ್ಯೋ, ಅದೊಂದು ಬೇಡ!

ವಿಚಾರಣೆ ಅಂದರೆ ಸುಮ್ನೆ ಮಾತಾ? ಕಡತ ತೆಗೆಯಬೇಕು, ಸಾಕ್ಷಿಗಳು ಕಟಕಟೆ ಹತ್ತಬೇಕು. ಇಷ್ಟು ಭಾರ ಹೊರಲಾರೆ ಅಂತ ಸರ್ಕಾರ ಮೇಲಿನ ಕೋರ್ಟುಗಳಿಗೆ ಮೇಲಿಂದ ಮೇಲೆ ಓಡಿತು. ಸಮುದ್ರ ಏರಿದರೆ ಹೇಗೋ ತಡೆದುಕೊಳ್ಳಬಹುದು, ಸಾಕ್ಷಿ ಹೇಳಿಕೆ ತಡೆಯೋಕಾಗುತ್ತಾ? 2018ರ ಅಕ್ಟೋಬರ್ 29ಕ್ಕೆ ದಿನ ಗೊತ್ತಾಗಿತ್ತು. ಹತ್ತು ದಿನ ಇರುವಾಗ ಸುಪ್ರೀಂ ಕೋರ್ಟು ತಡೆಯಿತು. ಆಮೇಲೆ ಅದೇ ತಡೆ ತೆಗೆಯಿತು, ಕೆಲವೇ ದಿನದಲ್ಲಿ ನಡುವಿನ ಮೇಲ್ಮನವಿ ಕೋರ್ಟು ಹಿಡಿದುಕೊಂಡಿತು. ಒಬಾಮ, ಬೈಡನ್ ಒಂದು ಕಡೆ, ಟ್ರಂಪ್ ಇನ್ನೊಂದು ಕಡೆ, ಮುಖ ಕೊಟ್ಟು ಮಾತಾಡದವರು. ಈ ಮಕ್ಕಳ ಕೇಸು ವಜಾ ಆಗಬೇಕು ಅನ್ನುವಾಗ ಮಾತ್ರ ಮೂವರ ಸರ್ಕಾರಗಳೂ ಅಣ್ಣತಮ್ಮಂದಿರು.

2020ರ ಜನವರಿಯಲ್ಲಿ ಮೇಲ್ಮನವಿ ಕೋರ್ಟಿನ ಇಬ್ಬರು ಜಡ್ಜುಗಳು ಅಂದರು: ನಿಮ್ಮ ಸಾಕ್ಷ್ಯ ಗಟ್ಟಿ, ಏನಾದರೂ ಆಗಲೇಬೇಕು, ಆದರೆ ನಮ್ಮ ಕೈಲಾಗದು. ಮನಸ್ಸಿಲ್ಲದ ಮನಸ್ಸಿನಿಂದ ಹೇಳುತ್ತಿದ್ದೇವೆ, ರಾಜಕಾರಣಿಗಳ ಹತ್ತಿರ ಹೋಗಿ, ಇಲ್ಲವೇ ಮತದಾರರ ಹತ್ತಿರ. ಚಿಕ್ಕವನಿಗೆ ಆಗ ಇನ್ನೂ ಮೀಸೆ ಬಂದಿರಲಿಲ್ಲ, ಓಟು ಎಲ್ಲಿಂದ ಬರಬೇಕು? ಮೂರನೇ ಜಡ್ಜು ಜೋಸೆಫೀನ್ ಸ್ಟೇಟನ್ ಒಪ್ಪಲಿಲ್ಲ. ಆಕಾಶದಿಂದ ಬಂಡೆ ಭೂಮಿಯತ್ತ ನುಗ್ಗಿ ಬರುವಾಗ ಸರ್ಕಾರ ಇರೋ ಒಂದೇ ರಕ್ಷಣೆಯನ್ನೂ ಬಂದ್ ಮಾಡಿದ ಹಾಗಿದೆ ಅಂದರು. ಎರಡಕ್ಕೆ ಒಂದು. ಬಂಡೆ ಗೆದ್ದಿತು.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮಾತ್ರ ಇಂಥದೇ ಕೇಸು ಹಾಕಿದ 16 ಮಂದಿ ಮಕ್ಕಳು 2023ರಲ್ಲಿ ಗೆದ್ದರು, ಅಲ್ಲಿನ ಸಂವಿಧಾನದಲ್ಲೇ ಶುದ್ಧ ಪರಿಸರದ ಹಕ್ಕಿದೆ. ಜಗತ್ತಿನ ಹೊಗೆಯಲ್ಲಿ ನಮ್ಮದೆಷ್ಟು ಮಹಾ ಅಂತ ಆ ರಾಜ್ಯ ವಾದಿಸಿತ್ತು. ಅರಸನ ಕೊಳಕ್ಕೆ ರಾತ್ರೋರಾತ್ರಿ ಹಾಲಿನ ಬದಲು ಒಂದು ಚೊಂಬು ನೀರು ಸುರಿದವನ ಲೆಕ್ಕವೂ ಇದೇ.

ನಾವೇನು ಜಾಸ್ತಿ ನಗುವ ಹಾಗಿಲ್ಲ. ಉತ್ತರಾಖಂಡದ 9 ವರ್ಷದ ಹುಡುಗಿಯೊಬ್ಬಳು 2017ರಲ್ಲಿ ಇಂಥದೇ ದೂರು ಹೊತ್ತು ನಮ್ಮ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿದ್ದಳು. 2019ರಲ್ಲಿ ಸಿಕ್ಕ ಉತ್ತರ, ಇದೆಲ್ಲ ಕಾನೂನಿನಲ್ಲಿ ಆಗಲೇ ಇದೆಯಲ್ಲ ಅಂತ. ಇದೆ ಕಣಮ್ಮ, ಸುಮ್ನೆ ಇದೆ.

2025ರ ಮಾರ್ಚ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು ಜುಲಿಯಾನಾ ಕೇಸನ್ನು ಕೈಗೆತ್ತಿಕೊಳ್ಳಲ್ಲ ಅಂತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತಾರೆ. ಇಲ್ಲಿ ಒಂದು ದಿನವೂ ವಿಚಾರಣೆ ನಡೆಯದೆ ಕಡತ ಮುಚ್ಚಿತು. ಹ್ಯಾನ್ಸನ್ ಅವರ ಹುಟ್ಟದ ಕಕ್ಷಿದಾರರಲ್ಲಿ ಎಷ್ಟೋ ಜನ ಈ ನಡುವೆ ಹುಟ್ಟೇಬಿಟ್ಟಿದ್ದರು. 2016ರಲ್ಲಿ ಹುಟ್ಟಿದವರಿಗೆ ಆಗಲೇ 8 ತುಂಬಿತ್ತು. ಕೇಸು ಹಾಕೋ ವಯಸ್ಸು.